ಹದಿಮೂರನೆಯ ಬನ್ನಿನ ನಿಯಮಾವಳಿ

ಸಾನ್ ಬೆನಿಗ್ನೊ ಪೇಟೆಯ ‘ಲಾ ಪುಂಟುವಾಲ್’ ಬೇಕರಿಯಲ್ಲಿ ಕಳೆದ ಹದಿನಾಲ್ಕು ತಿಂಗಳಿಂದ ಕಾರ್ಯಾಚರಣೆಯು ಯಾವುದೇ ಅಡಚಣೆಯಿಲ್ಲದೆ ನಡೆದುಕೊಂಡು ಬರುತ್ತಿದೆ ಎಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ಆ ಬೇಕರಿಯಲ್ಲಿ ಈಗ ಬನ್ನು ಸಿಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ನಿಜ. ಆದರೆ ಅದು ಬೇರೆ ವಿಷಯ.

ಲಾ ಪುಂಟುವಾಲ್ ಎಂದರೆ ಹೊತ್ತಿಗೆ ಸರಿಯಾಗಿ ನಡೆಯುವಂಥದ್ದು ಎಂದು ಅರ್ಥ. ಹೆಸರಿಟ್ಟವನು ಈಗಿನ ಮಾಲೀಕ ನಿಕಾಸಿಯೊನ ಅಪ್ಪ. ಅಪ್ಪನ ಕಾಲದಲ್ಲಾಗಲಿ ಮಗನ ಕಾಲದಲ್ಲಾಗಲಿ ಅಂಗಡಿ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದ ದಾಖಲೆ ಇಲ್ಲ. ಯಾರೂ ದೂರು ಕೊಟ್ಟಿರಲಿಲ್ಲ, ಏಕೆಂದರೆ ದೂರು ಕೊಡಬೇಕಾದ ನಾವೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಮಗ್ದಲೇನಾ ನದಿಯ ದಂಡೆಯಲ್ಲಿ ಹುಟ್ಟಿದವರು ದೋಣಿ ಬಂದಾಗ ಬಂತು ಎನ್ನುತ್ತಾರೆ, ಬನ್ನು ಬೆಂದಾಗ ಬೆಂದಿತು ಎನ್ನುತ್ತಾರೆ.

ಅಲ್ಲಿ ಬೇಯುತ್ತಿದ್ದದ್ದು ಅಲ್ಮೊಹಾಬಾನ, ಅಂದರೆ ಮೆಕ್ಕೆಜೋಳದ ಹಿಟ್ಟಿಗೆ ಅದರ ಎರಡರಷ್ಟು ಚೀಸು ಕಲಸಿ ಸುಟ್ಟ ದುಂಡನೆಯ ಬನ್ನು. ಬಿಸಿಯಿದ್ದಾಗ ತಿಂದರೆ ಸ್ವರ್ಗ, ಆರಿದ ಮೇಲೆ ಅದೂ ಒಂದು ಬನ್ನು. ಹಿಟ್ಟು ಕಲಸಿ ಒಲೆಗೆ ಕೊಡುತ್ತಿದ್ದವಳು ಎತಿಲ್ವಿಯಾ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅವಳ ಹತ್ತಿರ ಅಳತೆಯ ಪಾತ್ರೆ ಇರಲಿಲ್ಲ, ಗಡಿಯಾರ ಇರಲಿಲ್ಲ, ಮಾತೂ ಹೆಚ್ಚಿರಲಿಲ್ಲ.

ನಿಕಾಸಿಯೊನ ಕೆಲಸ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕೊಸರು ಹಾಕುವುದು. ಡಜನ್ ಕೊಂಡವರಿಗೆ ಹದಿಮೂರನೆಯದು ಕೊಸರು, ಇದು ನಮ್ಮ ದಂಡೆಯ ಪದ್ಧತಿ. ಕೊಸರು ಹಾಕದ ಅಂಗಡಿಗೆ ನಮ್ಮಲ್ಲಿ ನಾಯಿಯೂ ಹೋಗುವುದಿಲ್ಲ. ಆದರೆ ನಿಕಾಸಿಯೊ ಹಾಕುವ ರೀತಿಯೇ ಬೇರೆ. ಮೊದಲು ಹನ್ನೆರಡನ್ನು ಚೀಲಕ್ಕೆ ತುಂಬುವನು. ಚೀಲದ ಬಾಯಿ ಮಡಚಲು ಹೋಗುವನು. ಗಿರಾಕಿಯ ಮುಖ ಸಣ್ಣದಾಗುವುದನ್ನು ಓರೆಗಣ್ಣಲ್ಲಿ ನೋಡಿ, ಆಗ ಏನೋ ನೆನಪಾದವನ ಹಾಗೆ ಹದಿಮೂರನೆಯದನ್ನು ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ಹಿಡಿದು, ಚೀಲಕ್ಕೆ ಬಿಡುವನು. ಮಗಳ ಮದುವೆ ಮುರಿದ ಹೆಂಗಸಿಗೆ ಎರಡು ಬೀಳುತ್ತಿದ್ದವು. ಹೊಸ ಬೈಕು ತೆಗೆದುಕೊಂಡು ಮೆರೆಯುವವನಿಗೆ ಕೈಯಲ್ಲಿ ಮುರಿದ ಒಂದು ಅರ್ಧ. ಆ ಒಂದು ಗಳಿಗೆ ಅವನು ಇಡೀ ಪೇಟೆಗೆ ರಾಜನಾಗಿರುತ್ತಿದ್ದ, ಹಾಗೆಂದು ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದೇ ಸಂಕಟ. ಪ್ರತಿ ಭಾನುವಾರ ಮಧ್ಯಾಹ್ನ ಅವನ ಗೆಳೆಯ ರೊಬುಸ್ತಿಯಾನೊ, ದೋಣಿ ನಡೆಸಿ ನಿವೃತ್ತನಾದವನು, ತನ್ನ ಮನೆಯೆದುರಿನ ಬಾದಾಮಿ ಮರದ ಕೆಳಗೆ ಚುಕ್ಕೆ ಕಲ್ಲುಗಳ ಡಾಮಿನೊ ಆಟಕ್ಕೆ ಮೇಜು ಹಾಕುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ನಿಕಾಸಿಯೊ ಒಂದೇ ಒಂದು ಆಟವನ್ನೂ ಪೂರ್ತಿ ಆಡಿರಲಿಲ್ಲ. ಒಳ್ಳೆಯ ಕಲ್ಲುಗಳು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಬೇಕರಿಯ ಕಡೆಯಿಂದ ಕೂಗು ಬರುತ್ತಿತ್ತು. ಗ್ಯಾಸ್ ಮುಗಿದಿದೆ. ಚೀಸಿನವನು ಬಂದಿದ್ದಾನೆ. ಕೊಸರಿಗೆ ಜನ ನಿಂತಿದ್ದಾರೆ.

“ನಿನಗೆ ಅಂಗಡಿ ಇಲ್ಲ ಮಾರಾಯ, ಅಂಗಡಿಗೆ ನೀನಿದೀಯ,” ಎಂದು ರೊಬುಸ್ತಿಯಾನೊ ಅವನ ಕಲ್ಲುಗಳನ್ನು ತಿರುವಿ ನೋಡಿ ನಗುತ್ತಿದ್ದ. “ಅಯ್ಯೋ, ನೋಡು, ಗೆಲ್ತಿದ್ದೆ.”

ಹೀಗಿರುವಾಗ ಜಿಲ್ಲಾ ಪಟ್ಟಣದ ಒಂದು ಹೋಟೆಲಿನಲ್ಲಿ ‘ಸಣ್ಣ ಉದ್ಯಮ ನಡೆಸುವಲ್ಲಿ ಕಾರ್ಯಾಚರಣೆಯ ಪಾತ್ರ’ ಎಂಬ ಒಂದು ದಿನದ ಉಪನ್ಯಾಸ ಏರ್ಪಾಡಾಯಿತು. ನಿಕಾಸಿಯೊ ಮೂರು ಗಂಟೆ ದೋಣಿಯಲ್ಲಿ ಕೂತು ಹೋದ. ಉಪನ್ಯಾಸಕರು ಡಾಕ್ಟರ್ ಬಾಯೆನಾ. ಯಾವ ವಿಷಯದ ಡಾಕ್ಟರು ಎಂದು ಯಾರೂ ಕೇಳಲಿಲ್ಲ, ನಮ್ಮಲ್ಲಿ ಟೈ ಕಟ್ಟಿದವರೆಲ್ಲ ಡಾಕ್ಟರೇ. ಅವರು ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದು, ನಿಂತು, ಕೇಳಿದರು: “ನೀವು ಇಲ್ಲದಿದ್ದರೆ ನಿಮ್ಮ ಅಂಗಡಿ ನಡೆಯುತ್ತದೆಯೇ?”

ಸಭಾಂಗಣದಲ್ಲಿದ್ದ ಒಬ್ಬ ಔಷಧಿ ಅಂಗಡಿಯವನು ಕಣ್ಣೊರೆಸಿಕೊಂಡ.

“ನಡೆಯುವುದಿಲ್ಲ ಎಂದಾದರೆ ಅದು ಅಂಗಡಿಯಲ್ಲ, ಸೆರೆಮನೆ. ಮಾಡುವುದನ್ನೆಲ್ಲ ಬರೆಯಿರಿ. ಬರೆಯದೆ ಇರುವುದು ನಡೆದೇ ಇಲ್ಲ ಎಂದು ತಿಳಿಯಿರಿ.”

ನಿಕಾಸಿಯೊನಿಗೆ ಆ ಮಾತು ಎದೆಗೆ ನಾಟಿತು. ವಾಪಸು ಬರುವಾಗ ಒಂದು ದಪ್ಪ ಫೈಲು ಕೊಂಡು, ನೀರು ತಾಗದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಮನೆಯಲ್ಲಿ ಹೆಂಡತಿ ಬ್ರಿಹಿದಾ ಫೈಲನ್ನು ತೆರೆದು ನೋಡಿ, “ಏನೂ ಇಲ್ವಲ್ರೀ ಇದರಲ್ಲಿ,” ಎಂದಳು.

“ಅದಕ್ಕೇ ತಂದಿದ್ದು,” ಎಂದ ನಿಕಾಸಿಯೊ.

ತುಂಬಿಸುವುದಕ್ಕೆ ಬ್ರಿಹಿದಾಳ ತಮ್ಮ ಅಸ್ದ್ರೂಬಲ್ ಹೇಳಿ ಮಾಡಿಸಿದ ಹಾಗಿದ್ದ. ಅವನು ಹನ್ನೊಂದು ವರ್ಷ ನಮ್ಮ ಪುರಸಭೆಯ ಎರಡನೇ ಕಿಟಕಿಯಲ್ಲಿ ಕೂತು ಜನರನ್ನು ಮೂರನೇ ಕಿಟಕಿಗೆ ಕಳಿಸುವ ಹುದ್ದೆಯಲ್ಲಿದ್ದವನು. ಮೂರನೇ ಕಿಟಕಿ ಇಲ್ಲವೆಂಬುದು ಒಂದು ತಪಾಸಣೆಯಲ್ಲಿ ಹೊರಬಿದ್ದು ಹುದ್ದೆ ರದ್ದಾಗಿತ್ತು. ಬರುವಾಗ ತಾರೀಕು ಬದಲಿಸುವ ಒಂದು ರಬ್ಬರ್ ಮುದ್ರೆಯನ್ನು ನೆನಪಿಗೆಂದು ತಂದಿದ್ದ. ಅವನನ್ನು ಸೋಮವಾರದಿಂದ ಜಾರಿಗೆ ಬರುವಂತೆ ಕಾರ್ಯಾಚರಣೆ ನಿರ್ದೇಶಕನನ್ನಾಗಿ ನೇಮಿಸಲಾಯಿತು. ಅಲ್ಲಿಯವರೆಗೆ ಇಬ್ಬರಿಂದ ನಡೆಯುತ್ತಿದ್ದ ಸಂಸ್ಥೆಯಲ್ಲಿ ಆಡಳಿತ ವರ್ಗ ಮೂರನೇ ಒಂದು ಭಾಗವಾಯಿತು.

ನಿರ್ದೇಶಕನು ಮೊದಲ ದಿನವೇ ಸ್ಟೂಲು ಹಾಕಿಕೊಂಡು ಎತಿಲ್ವಿಯಾಳ ಪಕ್ಕ ಕೂತ.

“ಹಾಲು ಎಷ್ಟು ಹಾಕ್ತೀರಕ್ಕ?”

“ಹಿಟ್ಟು ಸಾಕು ಅನ್ನೋವರೆಗೆ.”

“ಹಿಟ್ಟು ಯಾವಾಗ ಸಾಕು ಅನ್ನುತ್ತೆ?”

“ಕಿವಿ ಹಾಲೆ ಥರ ಮೆತ್ತಗಾದಾಗ.”

ಅಸ್ದ್ರೂಬಲ್ ಬರೆದುಕೊಂಡ. ಪೆನ್ನು ನಿಂತಿತು. “ಯಾರ ಕಿವಿ ಹಾಲೆ?”

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ಅವಳಿಗೆ ಯಾರೂ ಕೇಳಿರಲಿಲ್ಲ. “ಯಾರದ್ದಾದರೇನಪ್ಪ, ಕಿವಿ ಅಂದರೆ ಕಿವೀನೇ.”

“ಹಾಗಂತ ಬರೆಯೋಕಾಗಲ್ಲಕ್ಕ.”

ಆ ವಾರ ಬೇಕರಿಗೆ ಬಂದ ಗಿರಾಕಿಗಳ ಕಿವಿಗಳನ್ನು ಹಿಸುಕಿ ನೋಡಿ ಟಿಪ್ಪಣಿ ಮಾಡಲಾಯಿತು. ನಾವೆಲ್ಲ ಒಂದು ಮಾತೂ ಆಡದೆ ತಲೆ ಬಗ್ಗಿಸಿ ಕೊಟ್ಟೆವು. ಯಾಕೆ ಕೊಟ್ಟೆವೋ ಇವತ್ತಿಗೂ ತಿಳಿಯದು, ಅವನ ಕೈಯಲ್ಲಿ ಪೆನ್ನಿತ್ತು. ಒಬ್ಬೊಬ್ಬರದು ಒಂದೊಂದು ಥರ ಇದ್ದದ್ದರಿಂದ ಗೊಂದಲ ತಪ್ಪಿಸಲು ಹಿಟ್ಟಿನ ಮೂಟೆಗಳ ಮೇಲೆ ಈ ಆದೇಶವನ್ನು ಅಂಟಿಸಲಾಯಿತು:

ಆದೇಶ ಸಂಖ್ಯೆ ೩. ಈ ಸಂಸ್ಥೆಯ ಮಾಲೀಕರಾದ ಶ್ರೀ ನಿಕಾಸಿಯೊ ಅವರ ಎಡಗಿವಿಯನ್ನು ಪ್ರಮಾಣಿತ ಕಿವಿಯೆಂದು ಈ ಮೂಲಕ ಘೋಷಿಸಲಾಗಿದೆ. ಪ್ರತಿ ಸಲದ ಹಿಟ್ಟನ್ನೂ ಸದರಿ ಕಿವಿಯೊಡನೆ ಹೋಲಿಸಿದ ನಂತರವೇ ಒಲೆಗೆ ಕೊಡತಕ್ಕದ್ದು. ಬಲಗಿವಿಯನ್ನು ಮೀಸಲಾಗಿ ಇಡಲಾಗಿದೆ.

ದಿನಕ್ಕೆ ಐದು ಸಲ ಎತಿಲ್ವಿಯಾ ಹಿಟ್ಟಿನ ಕೈಯಲ್ಲೇ ಬಂದು ಯಜಮಾನರ ಕಿವಿ ಹಿಂಡಿ ಹೋಗತೊಡಗಿದಳು. “ತಪ್ಪು ತಿಳೀಬೇಡಿ ಯಜಮಾನ್ರೇ, ನಿಯಮ,” ಎನ್ನುತ್ತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ಆದರೆ ಹಿಂಡುವಾಗ ಸ್ವಲ್ಪ ಹೆಚ್ಚಿಗೇ ಹಿಂಡುತ್ತಿದ್ದಳೆಂದು ನಿಕಾಸಿಯೊನಿಗೆ ಅನುಮಾನ. ಮೂರನೇ ವಾರಕ್ಕೆ ಕಿವಿ ಕೆಂಪಗೆ ಊದಿಕೊಂಡಿತು. ಊದಿದ ಕಿವಿಗೆ ಸರಿಯಾಗಿ ಬನ್ನೂ ಬಿಗಿಯಾಯಿತು. ಭಾನುವಾರವೂ ಕಿವಿ ಅಂಗಡಿಯಲ್ಲೇ ಇರಬೇಕಾದ್ದರಿಂದ ಡಾಮಿನೊ ಮೇಜಿಗೆ ಹೋಗುವುದೂ ನಿಂತಿತು.

“ಲೋ ಅಸ್ದ್ರೂಬಲ್,” ಎಂದ ನಿಕಾಸಿಯೊ, “ನಾನಿಲ್ಲದೆ ಅಂಗಡಿ ನಡೀಬೇಕು ಅಂತ ತಾನೇ ಇದೆಲ್ಲ ಶುರು ಮಾಡಿದ್ದು?”

“ಹೌದು ಭಾವ. ನೀವು ಬೇಕಾಗೇ ಇಲ್ಲ. ಕಿವಿಯೊಂದಿದ್ದರೆ ಸಾಕು.”

“ಹಾಗಾದರೆ ಕಿವಿ ಬಿಚ್ಚಿಟ್ಟು ಹೋಗ್ಲೇನೋ?”

ಅಸ್ದ್ರೂಬಲ್ ಅದನ್ನು ಸಲಹೆಗಳ ಕಾಲಮ್ಮಿನಲ್ಲಿ ಬರೆದುಕೊಂಡು ಮುದ್ರೆ ಒತ್ತಿದ.

ಸಲಹೆಯನ್ನು ಪರಿಶೀಲಿಸಿ ಅಂಗೀಕರಿಸಲಾಯಿತು. ನದಿಯಾಚೆಯ ಕುಂಬಾರ ಬಂದು, ನಿಕಾಸಿಯೊನ ಕಿವಿಗೆ ಜೇಡಿಮಣ್ಣು ಮೆತ್ತಿ ಅಚ್ಚು ತೆಗೆದುಕೊಂಡು ಹೋಗಿ, ಎಂಟು ದಿನದಲ್ಲಿ ಚೆನ್ನಾಗಿ ಸುಟ್ಟ ಒಂದು ಕಿವಿಯನ್ನು ತಂದುಕೊಟ್ಟ. ಬಹಳ ಒಳ್ಳೆಯ ಕೆಲಸಗಾರ. ಕಿವಿಯೊಳಗಿನ ಕೂದಲನ್ನೂ ಬಿಟ್ಟಿರಲಿಲ್ಲ. ಅದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಎತಿಲ್ವಿಯಾ ಅದನ್ನು ಮುಟ್ಟಿದಳು, ಹಿಟ್ಟನ್ನು ಮುಟ್ಟಿದಳು, ಮತ್ತೆ ಅದನ್ನು ಮುಟ್ಟಿದಳು.

“ಇದಕ್ಕೆ ಸರಿಹೊಂದಿಸಿದರೆ ಬನ್ನು ಕಲ್ಲಾಗುತ್ತೆ.”

“ಪ್ರಮಾಣಕ್ಕೆ ಸರಿ ಇರುತ್ತೋ ಇಲ್ವೋ, ಅಷ್ಟು ಹೇಳಿ.”

“ಸರಿ ಇರುತ್ತೆ.”

“ಹಾಗಾದರೆ ಅದು ಕಲ್ಲಲ್ಲ ಅಕ್ಕ.”

ಆ ದಿನದ ಬನ್ನುಗಳು ಪ್ರಮಾಣಕ್ಕೆ ಸರಿಯಾಗಿ ಹೊರಬಂದವು. ನಿವೃತ್ತ ಶಾಲಾ ಮೇಷ್ಟರ ಕೆಳದವಡೆಯ ಹಲ್ಲುಸೆಟ್ಟು ಎರಡಾಯಿತು. ಅವರು ದೂರಿನ ಪುಸ್ತಕ ಕೇಳಿದರು. ಅಂಥ ಪುಸ್ತಕ ಇರಲಿಲ್ಲ, ಮಾರನೆಯ ದಿನವೇ ತರಿಸಲಾಯಿತು. ಮೇಷ್ಟರಿಗೆ ಇದರಿಂದ ಸಮಾಧಾನವಾಯಿತು.

ಇತ್ತ ಕಿವಿಯಿಂದ ಬಿಡುಗಡೆ ಪಡೆದ ನಿಕಾಸಿಯೊ ಭಾನುವಾರ ಬಾದಾಮಿ ಮರದ ಕೆಳಗೆ ಕೂತು, ಏಳು ಕಲ್ಲುಗಳನ್ನು ಎದುರಿಗೆ ಸಾಲಾಗಿ ನಿಲ್ಲಿಸಿ, ಒಂದು ಗುಟುಕು ಕರಿಕಾಫಿ ಕುಡಿದಿದ್ದನೋ ಇಲ್ಲವೋ, ಅಸ್ದ್ರೂಬಲ್ ಖುದ್ದಾಗಿ ಓಡಿಬಂದ.

“ಭಾವ, ಕೊಸರು ಯಾರಿಗೆ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಜನ ಗಲಾಟೆ ಮಾಡ್ತಿದಾರೆ.”

“ಮುಖ ನೋಡಿ ಹಾಕೋದಪ್ಪ.”

“ಮುಖದಲ್ಲಿ ಏನು ನೋಡ್ತೀರಿ?”

ನಿಕಾಸಿಯೊ ಕಾಫಿ ಲೋಟ ಕೆಳಗಿಟ್ಟ. ಮೂವತ್ತೊಂದು ವರ್ಷ ತಾನು ಏನನ್ನು ನೋಡುತ್ತಿದ್ದೆ ಎಂದು ಅವನಿಗೇ ಹೊಳೆಯಲಿಲ್ಲ. ಇಷ್ಟು ವರ್ಷ ಹೇಳಲಾಗದ ಕೆಲಸವೊಂದನ್ನು ಮಾಡಿಕೊಂಡು ಬಂದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. “ನೀನೇ ಏನಾದರೂ ಬರಿ,” ಎಂದ. ಈ ಮೂರು ಪದದ ಅನುಮತಿಯ ಮೇಲೆ ನಿಂತಿರುವ ಕೊಸರು ವಿತರಣಾ ನಿಯಮಾವಳಿಯಲ್ಲಿ ಇವತ್ತು ಅರವತ್ತೆಂಟು ಕಲಮುಗಳಿವೆ. ಮುಖ್ಯವಾದವನ್ನು ಇಲ್ಲಿ ಕೊಡಬಹುದು.

ಕಲಮು ೧. ಕೊಸರು ಯಾರ ಹಕ್ಕೂ ಅಲ್ಲ. ಆದಾಗ್ಯೂ ಅರ್ಹರಿಗೆ ಅದನ್ನು ನಿರಾಕರಿಸುವಂತಿಲ್ಲ.

ಕಲಮು ೪. ದುಃಖದ ಕಾರಣಕ್ಕೆ ಎರಡನೇ ಕೊಸರು ಬಯಸುವವರು ದುಃಖದ ಬಗ್ಗೆ ಇಬ್ಬರು ನೆರೆಯವರ ಸಹಿ ತರತಕ್ಕದ್ದು. ದುಃಖವು ಮೂವತ್ತು ದಿನಕ್ಕಿಂತ ಹಳೆಯದಾಗಿರಬಾರದು.

ಕಲಮು ೯. ಅರ್ಧ ಕೊಸರಿಗೆ ಅರ್ಹರಾದವರಿಗೆ ಬನ್ನಿನ ಯಾವ ಅರ್ಧ ಎಂಬುದನ್ನು ನಿರ್ದೇಶಕರು ತೀರ್ಮಾನಿಸುತ್ತಾರೆ.

ಕಲಮು ೧೧. ನಮೂನೆಯ ಬೆಲೆ ಸಾವಿರ ಪೆಸೊ.

ಒಂದು ಬನ್ನಿನ ಬೆಲೆ ಆಗ ಐನೂರು ಪೆಸೊ. ಎರಡು ಬನ್ನಿನ ಹಣ ಕೊಟ್ಟು ಒಂದು ಬನ್ನನ್ನು ಪುಕ್ಕಟೆ ಪಡೆಯಲು ನಾವು ಯಾರೂ ಹೋಗಲಾರೆವು ಎಂದು ನೀವು ತಿಳಿದರೆ ನಮ್ಮನ್ನು ಅರಿತಿಲ್ಲ ಎಂದಾಯಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಸಾಲು ಚರ್ಚಿನ ಮೆಟ್ಟಿಲವರೆಗೆ ಬೆಳೆಯಿತು. ಹಿಂದೆ ಕೊಸರು ನಿಕಾಸಿಯೊನ ಕೈಯಿಂದ ಸುಮ್ಮನೆ ಬೀಳುತ್ತಿತ್ತು, ಈಗ ಧ್ವನಿವರ್ಧಕದಲ್ಲಿ ತಂದೆಯ ಹೆಸರು, ತಾಯಿಯ ಹೆಸರು ಸಮೇತ ಕೂಗಿ, ಮಂಜೂರಾಗಿದೆ ಎಂದು ಹೇಳಿ ಕೊಡುತ್ತಿದ್ದರು. ಜೀವಮಾನದಲ್ಲಿ ಯಾವ ಕಚೇರಿಯಲ್ಲೂ ಏನೂ ಮಂಜೂರಾಗದ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ. ಕಲ್ಲಿನಂಥ ಆ ಬನ್ನನ್ನು ಎಷ್ಟೋ ಜನ ತಿನ್ನಲಿಲ್ಲ, ಶೋಕೇಸಿನಲ್ಲಿಟ್ಟರು.

ಇನ್ನು ಎತಿಲ್ವಿಯಾಳ ವಿಷಯ. ಪ್ರತಿ ತಟ್ಟೆಗೂ ಒಂದು ವರದಿ ಬರೆಯಬೇಕಾದ್ದರಿಂದ ಅವಳ ಜವಾಬ್ದಾರಿ ಹೆಚ್ಚಿತ್ತು. ಅದನ್ನು ಗುರುತಿಸದೆ ಇರುವುದು ಸರಿಯಲ್ಲವೆಂದು ಅವಳಿಗೆ ಹಿಟ್ಟು ಮತ್ತು ಒಲೆ ವಿಭಾಗದ ಉಪನಿರ್ದೇಶಕಿಯಾಗಿ ಬಡ್ತಿ ಕೊಡಲಾಯಿತು. ಬಡ್ತಿ ಪತ್ರದ ಹಿಂಬದಿಯಲ್ಲಿ, ಅಧಿಕಾರಿ ದರ್ಜೆಯವರು ಹಿಟ್ಟು ಮುಟ್ಟುವಂತಿಲ್ಲ, ಅಧೀನ ಸಿಬ್ಬಂದಿಯಿಂದ ಮಾಡಿಸತಕ್ಕದ್ದು ಎಂದಿತ್ತು.

“ಅಧೀನ ಸಿಬ್ಬಂದಿ ಎಲ್ಲಿ?” ಎಂದು ಎತಿಲ್ವಿಯಾ ಕೇಳಿದಳು.

“ಹುದ್ದೆ ಖಾಲಿ ಇದೆ ಅಕ್ಕ. ನಿಮ್ಮ ಬಡ್ತಿಯಿಂದ ಖಾಲಿಯಾಗಿದ್ದು.”

“ಅಲ್ಲಿವರೆಗೆ ಹಿಟ್ಟು ಯಾರು ಕಲಸಬೇಕು?”

“ಆ ಪ್ರಶ್ನೆಯನ್ನ ಉಪನಿರ್ದೇಶಕರಿಗೆ ಬರೆದು ಕೇಳಬೇಕು.”

ಉಪನಿರ್ದೇಶಕಿಯು ಎರಡು ದಿನ ಕುರ್ಚಿಯ ಮೇಲೆ ಕೈ ಕಟ್ಟಿ ಕೂತಳು. ಎದುರಿಗೆ ಆರಿದ ಒಲೆ, ಗೋಡೆಯ ಮೇಲೆ ಕಿವಿ. ಮೂರನೇ ದಿನ ಗಲ್ಲಾಪೆಟ್ಟಿಗೆಯ ಬಳಿ ನಿಂತು, “ಯಜಮಾನ್ರೇ, ನನ್ನ ಕೈ ತುರಿಸ್ತಾ ಇದೆ. ಮನೆಗೆ ಹೋಗ್ತೀನಿ,” ಎಂದಳು. ನಿಕಾಸಿಯೊ ಬಾಯಿ ತೆರೆದ. ಬೇಡ, ಹೋಗಬೇಡ, ನೀನಿಲ್ಲದೆ ಏನು ಎಂದು ಹೇಳಬೇಕೆಂದಿದ್ದ, ನಿಜಕ್ಕೂ ಹೇಳಬೇಕೆಂದಿದ್ದ. ಆದರೆ ಒಬ್ಬರಿಲ್ಲದಿದ್ದರೂ ನಡೆಯಬೇಕು ಎಂಬುದು ಫೈಲಿನ ಮೊದಲ ಪುಟದಲ್ಲಿ ಅವನದೇ ಕೈಬರಹದಲ್ಲಿತ್ತು. “ಆಗಲಿ,” ಎಂದ. ಅವಳು ಹೋಗಿ, ಮೂರು ಮನೆ ದಾಟಿ ತನ್ನ ಹಿತ್ತಲಿನ ಮಣ್ಣೊಲೆ ಹಚ್ಚಿದಳು.

ಬನ್ನು ಮಾಡುವುದು ನಿಂತ ಮೇಲೆ ಲಾ ಪುಂಟುವಾಲ್‌ಗೆ ಏನೋ ತೊಂದರೆಯಾಗಬಹುದೆಂದು ಹೊರಗಿನವರು ಊಹಿಸಬಹುದು. ಅಸ್ದ್ರೂಬಲ್ ತಿಂಗಳ ಕೊನೆಯಲ್ಲಿ ಅಂಕಿಅಂಶ ತೆಗೆದು ನೋಡಿದಾಗ ಚಿತ್ರವೇ ಬೇರೆಯಾಗಿತ್ತು. ಕಾಯುವ ಸಮಯ ಮುಕ್ಕಾಲು ಗಂಟೆಯಿಂದ ನಾಲ್ಕು ನಿಮಿಷಕ್ಕೆ ಇಳಿದಿತ್ತು. ಸುಟ್ಟು ಹಾಳಾದ ಸರಕು, ಇಲ್ಲ. ರುಚಿಯ ಬಗ್ಗೆ ದೂರು, ಇಲ್ಲ. ಗ್ಯಾಸು ಮುಗಿಯಲಿಲ್ಲ, ಚೀಸಿನವನು ಬರಲಿಲ್ಲ. ತಡವಾಗುತ್ತಿದ್ದದ್ದೆಲ್ಲ ಬೇಯಿಸುವ ಹಂತದಲ್ಲೇ ಎಂಬುದು ಸ್ಪಷ್ಟವಾಯಿತು. ಆ ಹಂತವನ್ನು ಅನಗತ್ಯವೆಂದು ಕೈಬಿಡಲಾಯಿತು.

ಕೊಸರನ್ನು ಮಾತ್ರ ನಿಲ್ಲಿಸಲಿಲ್ಲ. ಜನ ಬರುವುದೇ ಅದಕ್ಕೆ. ಬನ್ನಿನ ಬದಲು ಅಂಗೈಯಗಲದ ಒಂದು ಚೀಟಿ ಕೊಡಲು ಶುರುವಾಯಿತು. ‘ಈ ಚೀಟಿ ಹೊಂದಿರುವವರು ಒಂದು ಕೊಸರಿಗೆ ಅರ್ಹರು’, ಕೆಳಗೆ ತಾರೀಕಿನ ಮುದ್ರೆ. ನಾವು ಬೆಳಿಗ್ಗೆ ಲಾ ಪುಂಟುವಾಲ್‌ನಲ್ಲಿ ಸಾಲಿನಲ್ಲಿ ನಿಂತು, ನಮೂನೆ ತುಂಬಿ, ಚೀಟಿ ಪಡೆದು, ಅದನ್ನು ಮಡಚಿ ಟೋಪಿಯೊಳಗಿಟ್ಟುಕೊಂಡು, ಮೂರು ಮನೆಯಾಚೆ ಎತಿಲ್ವಿಯಾಳ ಕಿಟಕಿಗೆ ಹೋಗಿ ಡಜನ್ ಬಿಸಿ ಬನ್ನು ಕೊಳ್ಳುತ್ತಿದ್ದೆವು. ಅವಳು ಚೀಟಿಯನ್ನು ಕಣ್ಣೆತ್ತಿಯೂ ನೋಡದೆ ಹದಿಮೂರನೆಯದನ್ನು ಹಾಕಿಬಿಡುತ್ತಿದ್ದಳು. ಚೀಟಿಯಿಲ್ಲದೆ ಹೋದವರಿಗೂ ಹಾಕುತ್ತಿದ್ದಳಂತೆ. ಹಾಗೆ ಹೋದವರು ನಮ್ಮಲ್ಲಿ ಯಾರೂ ಇಲ್ಲ, ಅದಕ್ಕೇ ಅದು ಖಚಿತವಿಲ್ಲ.

ಈ ಸುಧಾರಣೆಗಳ ನಡುವೆ ಒಂದು ಕಾಗದ ನಿಕಾಸಿಯೊನ ಮೇಜಿಗೆ ಬಂತು. ಅಸ್ದ್ರೂಬಲ್ ಬೆರಳಿಟ್ಟು ತೋರಿಸಿದ ಕಡೆ ಅವನು ಸಹಿ ಮಾಡಿದ, ಆಮೇಲೆ ಓದಿದ. ಗಲ್ಲಾಪೆಟ್ಟಿಗೆಯ ಹಿಂದೆ ಮಾಲೀಕರು ನಿಂತುಕೊಳ್ಳುವ ಹಂತದಿಂದ ಯಾವ ಉತ್ಪತ್ತಿಯೂ ಕಂಡುಬಂದಿಲ್ಲವಾದ್ದರಿಂದ ಸದರಿ ಹಂತವನ್ನು ಕೈಬಿಡಲು ಮಾಲೀಕರೇ ಆದೇಶಿಸಿದ್ದಾರೆ ಎಂದು ಅದರಲ್ಲಿತ್ತು.

“ಇನ್ನು ಭಾನುವಾರ ಒಂದೇ ಅಲ್ಲ ಭಾವ,” ಎಂದ ಅಸ್ದ್ರೂಬಲ್. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. “ಏಳೂ ದಿನ ನಿಮ್ಮದೇ.”

ಆ ಭಾನುವಾರ ನಿಕಾಸಿಯೊ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿದ. ಕೊನೆಯ ಕಲ್ಲನ್ನು ಮೇಜಿಗೆ ಬಡಿದಾಗ ಗೆದ್ದಿದ್ದ. ರೊಬುಸ್ತಿಯಾನೊ ಎದ್ದು ಬೆನ್ನು ತಟ್ಟಿದ. ನಿಕಾಸಿಯೊನ ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷದ ಮೇಲೆ ಗೆದ್ದನಲ್ಲ, ಪಾಪ, ಸಂತೋಷಕ್ಕೆ ಎಂದು ನಾವು ತಿಳಿದೆವು. ಎರಡನೇ ಆಟವನ್ನೂ ಗೆದ್ದ. ಮೂರನೆಯದರಲ್ಲಿ ಅವನು ಕಲ್ಲು ನೋಡುವುದಕ್ಕಿಂತ ಹೆಚ್ಚಾಗಿ ಬೀದಿಯ ಆ ತುದಿಯನ್ನೇ ನೋಡುತ್ತಿದ್ದ.

“ಯಾರಿಗೋ ಕಾಯ್ತಿದೀಯ?” ಎಂದ ರೊಬುಸ್ತಿಯಾನೊ.

“ಇಲ್ಲಪ್ಪ. ಯಾರೋ ಕರೆದ ಹಾಗಾಯ್ತು.”

“ಯಾರೂ ಕರೀಲಿಲ್ಲ.”

“ಹೌದಲ್ಲ,” ಎಂದ ನಿಕಾಸಿಯೊ, “ಯಾರೂ ಕರೀಲಿಲ್ಲ.”

ವಾರದೊಳಗೆ ಅವನು ಮನೆಯಲ್ಲಿ ಒಂದು ವಿಚಿತ್ರ ಮಾಡತೊಡಗಿದ. ಬ್ರಿಹಿದಾ ಊಟಕ್ಕೆ ಬಾಳೆಕಾಯಿಯ ಬಿಲ್ಲೆ ಕರಿದು ಬಡಿಸಿದರೆ ತನ್ನ ತಟ್ಟೆಯಿಂದ ಒಂದನ್ನು ಎತ್ತಿ, ಗಾಳಿಯಲ್ಲಿ ಹಿಡಿದು, ಅವಳ ತಟ್ಟೆಗೆ ಬಿಡುವುದು. “ನನಗೆ ಸಾಕ್ರೀ,” ಎಂದು ಅವಳು ಅದನ್ನು ವಾಪಸು ಹಾಕುವುದು. ನಾಲ್ಕನೇ ದಿನ ಅವಳಿಗೆ ತಡೆಯಲಾಗಲಿಲ್ಲ. “ಹೋಗಿ ಅವನನ್ನ ಕೇಳ್ರೀ, ದಿನಾ ಒಂದು ಗಂಟೆ ನಿಂತ್ಕೋತೀನಿ ಅಂತ. ನಿಮ್ಮದೇ ಅಂಗಡಿ ಅಲ್ವೇನು?”

ನಿಕಾಸಿಯೊ ಹೋದ. ಟೋಕನ್ ತೆಗೆದುಕೊಂಡ. ಅವನ ಮುಂದೆ ಇಪ್ಪತ್ತಾರು ಜನರಿದ್ದರು, ಅವರಲ್ಲಿ ಒಬ್ಬರೂ ‘ನೀವು ಮುಂದೆ ಹೋಗಿ, ನಿಕಾಸಿಯೊ ಯಜಮಾನ್ರೇ’ ಎನ್ನಲಿಲ್ಲ. ಮನಸ್ಸಿಲ್ಲದೆ ಅಲ್ಲ, ಸರದಿ ಬಿಟ್ಟುಕೊಡುವಂತಿಲ್ಲ ಎಂದು ಕಲಮು ಇಪ್ಪತ್ತರಲ್ಲಿದೆ. ಅವನ ಸರದಿ ಬಂದಾಗ ಅಸ್ದ್ರೂಬಲ್ ಪ್ರೀತಿಯಿಂದ ಎದ್ದು ನಿಂತ.

“ಒಂದು ಗಂಟೆ ಆ ಕಡೆ ನಿಂತು ಕೊಸರು ಹಾಕ್ಲೇನೋ?”

ಅಸ್ದ್ರೂಬಲ್ ಕಪಾಟು ತೆಗೆದು ಫೈಲುಗಳನ್ನೆಲ್ಲ ಹುಡುಕಿದ. ಪ್ರಾಮಾಣಿಕವಾಗಿ ಹುಡುಕಿದ, ಅದನ್ನು ಒಪ್ಪಿಕೊಳ್ಳಬೇಕು. “ಕೊಸರು ಪಡೆಯೋದಕ್ಕೆ ನಮೂನೆ ಇದೆ ಭಾವ. ಹಾಕೋದಕ್ಕೆ ಇಲ್ಲ.”

“ಹಾಗಾದರೆ ಪಡೆಯೋದನ್ನೇ ಕೊಡು.”

ಹೆಸರು, ವಿಳಾಸ ಬರೆದ. ಉದ್ಯೋಗ ಎಂಬಲ್ಲಿ ಸ್ವಲ್ಪ ಹೊತ್ತು ನಿಂತು, ಗಿರಾಕಿ ಎಂದು ಬರೆದ. ಸಾವಿರ ಪೆಸೊ ಕೊಟ್ಟು ಚೀಟಿ ತೆಗೆದುಕೊಂಡ.

ಅದೇ ತಿಂಗಳು ಡಾಕ್ಟರ್ ಬಾಯೆನಾ ಅವರು ವಿಶೇಷ ದೋಣಿಯಲ್ಲಿ ಬಂದಿಳಿದು ಲಾ ಪುಂಟುವಾಲ್ ಅನ್ನು ಪರಿಶೀಲಿಸಿದರು. ಆರಿದ ಒಲೆಯನ್ನು, ಗೋಡೆಯ ಕಿವಿಯನ್ನು, ನೆಟ್ಟಗೆ ನಿಂತ ಸಾಲನ್ನು ನೋಡಿ ಟೈ ಸರಿಮಾಡಿಕೊಂಡರು. “ಮಾಲೀಕರಿಲ್ಲ, ಕೆಲಸಗಾರರಿಲ್ಲ, ಸರಕಿಲ್ಲ,” ಎಂದು ಕೊನೆಗೆ ಹೇಳಿದರು, “ಆದರೂ ನಡೆಯುತ್ತಿದೆ. ಇಪ್ಪತ್ತು ವರ್ಷದಿಂದ ನಾನು ಊರೂರು ತಿರುಗಿ ಹೇಳುತ್ತಿರುವುದು ಇದನ್ನೇ.” ಚೌಕಟ್ಟು ಹಾಕಿದ ಪ್ರಮಾಣಪತ್ರವನ್ನು ಕಿವಿಯ ಪಕ್ಕದಲ್ಲಿ ನೇತುಹಾಕಲಾಯಿತು. ನಾವು ಚಪ್ಪಾಳೆ ತಟ್ಟಿದೆವು. ನಿಕಾಸಿಯೊನೂ ಸಾಲಿನ ನಡುವೆ ನಿಂತು ತಟ್ಟಿದ.

ಆಮೇಲೆ, ಚೀಟಿಯಿದೆಯಲ್ಲ, ಹಾಳು ಮಾಡುವುದೇಕೆ ಎಂದು ಎತಿಲ್ವಿಯಾಳ ಕಿಟಕಿಗೆ ಹೋದ. ಅವಳು ಬಿಟ್ಟು ಹೋದ ಮೇಲೆ ಅವಳ ಮುಖ ನೋಡಿರಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಕಿಟಕಿಯಲ್ಲಿ ಜನ ಮುತ್ತಿದ್ದರು. ಅವಳು ಒಂದು ಕೈಯಲ್ಲಿ ಹಿಟ್ಟು ತಟ್ಟುತ್ತ, ಇನ್ನೊಂದು ಕೈಯಲ್ಲಿ ಬನ್ನು ತುಂಬುತ್ತ, ಮೊಣಕೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಅವನನ್ನು ಕಂಡು ನಿಂತಳು.

“ಕಿವಿ ಹೇಗಿದೆ ಯಜಮಾನ್ರೇ?”

“ಇಳಿದಿದೆ.”

“ಒಳಗೆ ಬನ್ನಿ. ನನಗೆ ಎರಡೇ ಕೈ. ಹನ್ನೆರಡು ತುಂಬೋದು ಕಷ್ಟ ಅಲ್ಲ, ಆ ಹದಿಮೂರನೇದು ಹಾಕೋವಾಗ ಎಲ್ಲರೂ ಮುಖ ನೋಡ್ತಾ ನಿಲ್ತಾರೆ. ನನಗೆ ಆ ಕೆಲಸ ಬರಲ್ಲ.”

ನಿಕಾಸಿಯೊ ಒಳಗೆ ಹೋಗಿ ಕೈ ತೊಳೆದುಕೊಂಡ. ಎಷ್ಟು ದಿನಕ್ಕೆ, ಯಾವ ಹುದ್ದೆಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. 

ಈಗ ಭಾನುವಾರಗಳಲ್ಲಿ ಅವನು ಮೊದಲಿನ ಹಾಗೆ ಬಾದಾಮಿ ಮರದ ಕೆಳಗೆ ಬಂದು ಕೂರುತ್ತಾನೆ. ಹೋದ ಭಾನುವಾರ ಅವನ ಕೈಯಲ್ಲಿ ಎರಡೇ ಕಲ್ಲು ಉಳಿದಿದ್ದವು, ಎರಡೂ ಗೆಲ್ಲುವ ಕಲ್ಲುಗಳು, ಮುಂದಿನ ಸರದಿ ಅವನದೇ. ಆಗ ಹಿತ್ತಲಿನ ಕಡೆಯಿಂದ ಎತಿಲ್ವಿಯಾಳ ದನಿ ಕೇಳಿತು: “ಯಜಮಾನ್ರೇ, ಕೊಸರಿಗೆ ಜನ ನಿಂತಿದಾರೆ!” ನಿಕಾಸಿಯೊನ ಮುಖ ಅರಳಿತು. ಕಲ್ಲುಗಳನ್ನು ಅಲ್ಲೇ ಮ‌ಗುಚಿ ಹಾಕಿ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೊರಟ.

ರೊಬುಸ್ತಿಯಾನೊ ಕಲ್ಲು ತಿರುವಿ ನೋಡಿ, ತಲೆ ಚಚ್ಚಿಕೊಂಡು, ಬೈಯುತ್ತ ಅವನ ಹಿಂದೆಯೇ ಹೋದ. ಹೇಗೂ ಬಂದಾಯಿತಲ್ಲ ಎಂದು ಸಾಲಿನಲ್ಲಿ ನಿಂತು ಒಂದು ಡಜನ್ ಕೇಳಿದ. ನಿಕಾಸಿಯೊ ಹನ್ನೆರಡನ್ನು ತುಂಬಿದ. ಚೀಲದ ಬಾಯಿ ಮಡಚಲು ಹೋದ. ಗೆಳೆಯನ ಮುಖ ಸಣ್ಣದಾಗುವುದನ್ನು ನೋಡಿ, ಏನೋ ನೆನಪಾದವನ ಹಾಗೆ ಹದಿಮೂರನೆಯದನ್ನು ಎತ್ತಿ ಗಾಳಿಯಲ್ಲಿ ಹಿಡಿದ. ಬನ್ನಿನಿಂದ ಹಬೆ ಏಳುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

“ಚೀಟಿ?” ಎಂದ ನಿಕಾಸಿಯೊ.

ರೊಬುಸ್ತಿಯಾನೊ ಟೋಪಿ ತೆಗೆದು, ಮಡಿಕೆ ಬಿಡಿಸಿ ಕೊಟ್ಟ. “ಇಲ್ಲದೆ ಬರ್ತೀನೇನೋ ಮಾರಾಯ.” ಅವನ ಹಿಂದಿದ್ದ ನಾವೂ ನಮ್ಮ ನಮ್ಮ ಚೀಟಿಗಳನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡೆವು. ನಿಕಾಸಿಯೊ ಅದನ್ನು ಬೆಳಕಿಗೆ ಹಿಡಿದು, ಎರಡೂ ಬದಿ ತಿರುಗಿಸಿ, ಮುದ್ರೆ ಅವತ್ತಿನ ತಾರೀಕಿನದೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಬನ್ನನ್ನು ಚೀಲಕ್ಕೆ ಬಿಟ್ಟ.